ವೃಷಭಾವತಿಯ ಮೀನೂ ನಮ್ಮ ಮನೆಯ ಬಚ್ಚಲೂ

ಕಳೆದ ಕಾರ್ತಿಕದ ಒಂದು ಬೆಳಗ್ಗೆ ನಾವು ನಮ್ಮ ಬಡಾವಣೆಗೆ ಸಮೀಪದ ಕೆರೆಯೊಂದರ ಏರಿಯ ಮೇಲೆ ಅಡ್ಡಾಡುತ್ತಿದ್ದೆವು. ಕೆರೆಯ ಹೆಸರು ಇಲ್ಲಿ ಬೇಡ. ಬೆಂಗಳೂರಿನ ಬಹಳಷ್ಟು ಕೆರೆಗಳ ದಂಡೆಯಲ್ಲಿ ಇದೇ ಮಾತು ನಡೆಯಬಹುದಾಗಿತ್ತು. ನೀರು ಕಪ್ಪುಮಿಶ್ರಿತ ಹಸುರಾಗಿ, ಅಂಚಿನಲ್ಲಿ ನೊರೆ ಕಟ್ಟಿ, ಮೂಗಿಗೆ ಬಟ್ಟೆ ಹಿಡಿಯುವಂತೆ ನಾರುತ್ತಿದ್ದಿತು. ಅಲ್ಲಿ ನಡುವಯಸ್ಸಿನ ಒಬ್ಬಾತನು ಗಾಳ ಹಾಕಿಕೊಂಡು ಕುಳಿತಿದ್ದನು. ಪಕ್ಕದ ಬಕೆಟ್ಟಿನಲ್ಲಿ ನಾಲ್ಕೈದು ಜಿಲೇಬಿ ಮೀನುಗಳು ಬಾಲ ಬಡಿಯುತ್ತಿದ್ದುವು.

“ಇಂಥ ನೀರಿನ ಮೀನನ್ನು ತಿನ್ನಬಹುದೇನಪ್ಪಾ?” ಎಂದು ಕೇಳಿದೆವು.

“ಮೀನು ಬದುಕೈತಲ್ಲ ಸ್ವಾಮಿ! ನೀರಲ್ಲಿ ವಿಷ ಇದ್ದಿದ್ರೆ ಮೊದ್ಲು ಅದೇ ಸಾಯ್ತಿತ್ತು. ನಾವು ತಿನ್ನೋದು ಅದಾದ್ಮೇಲೆ ತಾನೆ?”

ಆತನ ತರ್ಕವನ್ನು ನಗೆಯಾಡಿ ತಳ್ಳಿಬಿಡಲು ನಮ್ಮಿಂದಾಗಲಿಲ್ಲ. ಅರಸರು ತಮಗೆ ಬಡಿಸಿದ ಅನ್ನವನ್ನು ಮೊದಲು ಬೇರೊಬ್ಬನಿಂದ ತಿನ್ನಿಸಿ ನೋಡುತ್ತಿದ್ದುದೂ ಇದೇ ತರ್ಕದಿಂದಲೇ. ಬಡಿಸಿದ ಕೂಡಲೆ ಕೊಲ್ಲುವ ವಿಷಕ್ಕೆ ಆ ಉಪಾಯ ಸಾಕಾಗಿದ್ದಿತು. ಆದರೆ ಈಗ ನಮ್ಮ ನೀರಿಗೆ ಸೇರುತ್ತಿರುವ ಕೆಲವು ವಿಷಗಳ ಸ್ವಭಾವವೇ ಬೇರೆ. ಅವು ಮೀನನ್ನು ಕೊಲ್ಲದೆ ಅದರ ಒಡಲಿನಲ್ಲಿ ಮನೆ ಮಾಡಿಕೊಳ್ಳುವುವು. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಮೀನು ಸಾಯುವುದನ್ನು ನಗರದವರು ಕಾಣದೆ ಇಲ್ಲ. ೨೦೧೬ರ ಮಾರ್ಚಿ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ವೃತ್ತಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿಯಾಗಿತ್ತು. ಅಂಥ ಸಾವಿಗೆ ಸಾಮಾನ್ಯವಾಗಿ ಕಾರಣ ಉಸಿರು ಕಟ್ಟುವುದು. ಚರಂಡಿಯ ಕೊಳೆ ಕೆರೆಗೆ ಬಿದ್ದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿಬಿಡುವುವು. ಬೇಸಿಗೆಯಲ್ಲಿ ಮೊದಲೇ ಅದು ಕಡಮೆ. ಸತ್ತ ಮೀನನ್ನು ಯಾರೂ ತಿನ್ನುವುದಿಲ್ಲ. ನಾಲ್ಕು ದಿನ ನಾರಿ, ಅಧಿಕಾರಿಗಳು ಬಂದುಹೋಗಿ, ಮಳೆ ಬಿದ್ದ ಮೇಲೆ ಕೆರೆ ಮತ್ತೆ ಉಸಿರಾಡುವುದು. ನಾವು ಹೇಳಹೊರಟ ಸಂಗತಿಯಲ್ಲಿ ನಾತವೂ ಇಲ್ಲ, ಸುದ್ದಿಯೂ ಇಲ್ಲ. ಮೀನು ಚೆನ್ನಾಗಿಯೇ ಈಜುತ್ತಿರುವುದು.

ಬಸವನಗುಡಿ ಮಲ್ಲೇಶ್ವರಗಳ ವಾಚಕರಿಗೆ ವೃಷಭಾವತಿಯ ಪರಿಚಯ ಮಾಡಿಕೊಡಬೇಕಾಗಿಲ್ಲವಷ್ಟೆ. ನಮ್ಮ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಆ ನದಿ ಹುಟ್ಟಿತೆಂದು ಬಸವನಗುಡಿಯವರೂ, ಕಾಡು ಮಲ್ಲೇಶ್ವರನೆದುರಿನ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಸುರಿಯುವ ನೀರೇ ಅದರ ಮೂಲವೆಂದು ಮಲ್ಲೇಶ್ವರದವರೂ ಹೇಳುವರು. ಈ ವ್ಯಾಜ್ಯವನ್ನು ತೀರ್ಮಾನಿಸಲು ನಾವು ಶಕ್ತರಲ್ಲ. ಎರಡು ಬಡಾವಣೆಗಳೂ ತನ್ನದೆಂದು ಹೇಳಿಕೊಳ್ಳುವ ನದಿಗೆ ಎರಡೂ ತಮ್ಮ ಬಚ್ಚಲನ್ನು ತಿರುಗಿಸಿವೆ ಎಂಬುದು ಮಾತ್ರ ನಿಶ್ಚಯ. ಚಾಮರಾಜಪೇಟೆ ಗವೀಪುರಗಳ ತಗ್ಗಿನಲ್ಲಿ ಕೆಂಪಾಂಬುಧಿ ಕೆರೆಯಿದೆ. ರಾಜಾಜಿನಗರದ ಮತ್ತು ಪೀಣ್ಯದ ಕಾರ್ಖಾನೆಗಳ ಕಡೆಯಿಂದಲೂ ಕಾಲುವೆಗಳು ಇಳಿದು ಬರುವುವು. ಎಲ್ಲವೂ ಸೇರಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಗಾಳಿ ಆಂಜನೇಯಸ್ವಾಮಿಯ ಗುಡಿಯನ್ನು ಹಾದು, ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರದ ಬೈರಮಂಗಲದ ಕೆರೆಯನ್ನು ಸೇರುವುವು. ಅಲ್ಲಿಂದ ಮುಂದೆ ಅರ್ಕಾವತಿ. ಅರ್ಕಾವತಿಯು ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ೧೯೭೪ರಿಂದ ನಾವು ಕಾವೇರಿಯ ನೀರನ್ನು ಕುಡಿಯುತ್ತಿದ್ದೇವೆ. ಆ ನೀರನ್ನು ಸಂಗಮಕ್ಕಿಂತ ಮೇಲೆಯೇ ಎತ್ತಿಕೊಳ್ಳುತ್ತೇವೆ. ಬಳಸಿದ್ದನ್ನು ಸಂಗಮದಲ್ಲಿ ಹಿಂದಕ್ಕೆ ಕೊಡುತ್ತೇವೆ. ಅದರ ಕೆಳಗಿನ ಮಡುಗಳಲ್ಲಿ ಮಹಶೀರ್ ಮೀನೂ ನೀರುನಾಯಿಯೂ ಮೊಸಳೆಯೂ ವಾಸವಾಗಿವೆ. ಇನ್ನೂ ಕೆಳಗೆ ಮೆಟ್ಟೂರಿನ ಜಲಾಶಯವಿದೆ.

ಹರಿಯುವ ನೀರಿಗೆ ದೋಷವಿಲ್ಲವೆಂದು ನಮ್ಮ ಹಿರಿಯರು ನಂಬಿದ್ದರು. ಅವರ ಬಚ್ಚಲಿಂದ ಹೊರಟುದೇನು? ಸೀಗೆಪುಡಿ, ಬೂದಿ, ಅಕ್ಕಿ ತೊಳೆದ ನೀರು, ಸಗಣಿ. ಇವು ಒಂದೆರಡು ಹರದಾರಿ ಹರಿಯುವುದರೊಳಗೆ ಬಿಸಿಲಿಗೂ ಗಾಳಿಗೂ ಸೂಕ್ಷ್ಮಜೀವಿಗಳಿಗೂ ಆಹಾರವಾಗಿ ಕರಗಿ ಹೋಗುತ್ತಿದ್ದುವು. ಆ ನಂಬಿಕೆ ಅವರ ಕಾಲದ ಕೊಳೆಗೆ ಸರಿಯಾಗಿಯೇ ಇದ್ದಿತು. ಪಾದರಸ, ಸೀಸ, ಕ್ಯಾಡ್ಮಿಯಂ, ಲೋಹಲೇಪನದ ಅಂಗಡಿಗಳ ಕ್ರೋಮಿಯಂ ಇವುಗಳನ್ನು ಯಾವ ಜೀವಿಯೂ ಕೊಳೆಯಿಸಲಾರದು. ಅವು ಮೂಲವಸ್ತುಗಳು, ರೂಪ ಬದಲಾಯಿಸಿಯಾವೇ ಹೊರತು ನಾಶವಾಗವು. ಮನುಷ್ಯನೇ ಪ್ರಯೋಗಶಾಲೆಯಲ್ಲಿ ಕ್ಲೋರಿನ್ನನ್ನು ಬೆಸೆದು ಮಾಡಿದ ಡಿ.ಡಿ.ಟಿ. ಮುಂತಾದ ಕೀಟನಾಶಕಗಳು, ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿ ತುಂಬುತ್ತಿದ್ದ ಪಿ.ಸಿ.ಬಿ. ಎಂಬ ಎಣ್ಣೆಗಳು, ನೀರನ್ನೂ ಜಿಡ್ಡನ್ನೂ ಅಂಟಗೊಡದ ಲೇಪನಗಳಲ್ಲಿ ಬಳಸುವ ಪಿ.ಎಫ್.ಎ.ಎಸ್. ಎಂಬ ವರ್ಗ, ಇವುಗಳನ್ನು ಒಡೆಯುವುದು ಪ್ರಕೃತಿಗೆ ಬಹು ಕಷ್ಟ. ಕೊಳೆನೀರಿನ ಶುದ್ಧೀಕರಣದ ಘಟಕಗಳಾದರೂ ಮುಖ್ಯವಾಗಿ ಕೊಳೆಯುವ ಪದಾರ್ಥಕ್ಕಾಗಿ ಏರ್ಪಟ್ಟಿರುವುವು. ಲೋಹಗಳ ಬಹುಭಾಗ ಅಲ್ಲಿಯ ರಾಡಿಯಲ್ಲಿ ನಿಲ್ಲುವುದು, ಉಳಿದದ್ದು ಮುಂದಕ್ಕೆ ಹೋಗುವುದು.

ಮೀನಿನೊಳಗೆ ಇದು ಸೇರುವ ಬಗೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಡಿ.ಡಿ.ಟಿ.ಯಂಥವು ನೀರಿನಲ್ಲಿ ಕರಗಲೊಲ್ಲವು, ಕೊಬ್ಬಿನಲ್ಲಿ ಕರಗುವುವು. ನೀರಿನಲ್ಲಿ ಅವಕ್ಕೆ ನೆಲೆಯಿಲ್ಲದ್ದರಿಂದ ಕೆಸರಿಗೂ ಪಾಚಿಗೂ ಅಂಟಿಕೊಂಡು, ಜಿಡ್ಡಿರುವ ಒಡಲು ಸಿಕ್ಕೊಡನೆ ಒಳಹೊಕ್ಕುಬಿಡುವುವು. ನಮ್ಮ ಮೂತ್ರಪಿಂಡಗಳು ಹೊರಗೆ ಹಾಕಬಲ್ಲುದು ನೀರಿನಲ್ಲಿ ಕರಗುವ ಪದಾರ್ಥವನ್ನು, ಮೀನಿಗೂ ಹಾಗೆಯೇ. ಆದ್ದರಿಂದ ಒಳಗೆ ಬಂದುದು ಹೊರಗೆ ಹೋಗುವುದು ಅತಿ ಸ್ವಲ್ಪ. ಮಕ್ಕಳು ಮಣ್ಣಿನ ಹುಂಡಿಯಲ್ಲಿ ಕಾಸು ಹಾಕುವುದನ್ನು ನೋಡಿದ್ದೀರಷ್ಟೆ. ದಿನಕ್ಕೊಂದೇ ಕಾಸಾದರೂ ಹುಂಡಿ ಒಡೆಯುವ ದಿವಸ ಮಡಿಲು ತುಂಬುವುದು. ಪಾಚಿಯ ಒಂದೊಂದು ಕಣವೂ ಒಂದೊಂದು ಸಣ್ಣ ಹುಂಡಿ. ಕಣ್ಣಿಗೆ ಕಾಣದ ನೀರುಹುಳು ಅಂಥ ಸಾವಿರ ಹುಂಡಿಗಳನ್ನು ತಿನ್ನುವುದು; ಸಣ್ಣ ಮೀನು ಸಾವಿರ ಹುಳುಗಳನ್ನು, ದೊಡ್ಡ ಮೀನು ನೂರಾರು ಸಣ್ಣ ಮೀನುಗಳನ್ನು ತಿನ್ನುವುದು. ತಿಂದ ಆಹಾರ ಚಲನವಲನದಲ್ಲಿ ಖರ್ಚಾಗಿ ಹೋಗುವುದು, ವಿಷ ಮಾತ್ರ ಒಡಲಲ್ಲಿಯೇ ಉಳಿಯುವುದು. ಲೇವಾದೇವಿಯ ಅನುಭವವುಳ್ಳವರು ಇದನ್ನು ಚಕ್ರಬಡ್ಡಿಯೆಂದರೆ ಬೇಗ ತಿಳಿಯುವರು.

ಇದರ ಲೆಕ್ಕ ಸ್ಪಷ್ಟವಾಗಿ ಸಿಕ್ಕಿದುದು ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ. ಅಲ್ಲಿ ವಿಹಾರಕ್ಕೆ ಬರುವವರಿಗೆ ಒಂದು ಬಗೆಯ ನುಸಿಯ ಕಾಟವಿದ್ದಿತು. ಅದನ್ನು ಅಡಗಿಸಲು ೧೯೪೯ರಲ್ಲಿಯೂ ಮತ್ತೆ ೧೯೫೪, ೧೯೫೭ರಲ್ಲಿಯೂ ಡಿ.ಡಿ.ಟಿ.ಯ ದಾಯಾದಿಯಾದ ಡಿ.ಡಿ.ಡಿ. ಎಂಬುದನ್ನು ನೀರಿಗೆ ಬೆರಸಿದರು. ಪ್ರಮಾಣವೋ ಅತ್ಯಲ್ಪ: ಮೊದಲು ೭ ಕೋಟಿ ಪಾಲು ನೀರಿಗೆ ೧ ಪಾಲು, ಅನಂತರ ೫ ಕೋಟಿಗೆ ೧ ಪಾಲು. ನುಸಿಯೇನೋ ಕಡಮೆಯಾಯಿತು. ಆದರೆ ನಮ್ಮ ಕೆರೆಗಳ ಗುಳುಮುಳುಕದ ಬಳಗಕ್ಕೆ ಸೇರಿದ, ಮೀನು ತಿಂದು ಬದುಕುವ ಒಂದು ನೀರುಹಕ್ಕಿ ಅಲ್ಲಿ ನೂರುಗಟ್ಟಲೆ ಸಾಯತೊಡಗಿತು. ಯಾವ ರೋಗವೂ ಕಾಣಲಿಲ್ಲ. ಕೊನೆಗೆ ಸತ್ತ ಹಕ್ಕಿಯ ಕೊಬ್ಬನ್ನು ಪರೀಕ್ಷಿಸಿದರೆ ೧೦ ಲಕ್ಷ ಪಾಲಿಗೆ ೧೬೦೦ ಪಾಲು ವಿಷ! ನೀರಿನಲ್ಲಿದ್ದುದಕ್ಕಿಂತ ೮೦ ಸಾವಿರ ಪಟ್ಟು ಹೆಚ್ಚು. ತೇಲುವ ಸೂಕ್ಷ್ಮಜೀವಿಗಳಲ್ಲಿ ಅದೇ ಲೆಕ್ಕಕ್ಕೆ ೫ರಷ್ಟು ಇದ್ದಿತು. ಮೀನುಗಳಲ್ಲಿ ಅದಕ್ಕಿಂತ ಬಹಳ ಮೇಲೆ. ಆ ಹಕ್ಕಿಗಳು ಮೊದಲು ಸಾವಿರಕ್ಕೂ ಮಿಕ್ಕಿ ಜೋಡಿಗಳಿದ್ದುವು. ೧೯೬೦ರ ವೇಳೆಗೆ ಉಳಿದವು ಸುಮಾರು ೩೦. ಆ ಮಧ್ಯೆ ಮೀನುಗಳು ಈಜುತ್ತಲೇ ಇದ್ದುವೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಗಾಳದ ಸ್ನೇಹಿತನು ಅಲ್ಲಿದ್ದಿದ್ದರೆ ಬಕೆಟ್ಟು ತುಂಬಿಸಿಕೊಂಡೇ ಮನೆಗೆ ಹೋಗುತ್ತಿದ್ದನು.

ಡಿ.ಡಿ.ಟಿ.ಯನ್ನು ಬರಿದೆ ಹಳಿಯುವುದು ಕೃತಘ್ನತೆಯಾದೀತು. ಅದರ ಕೀಟನಾಶಕ ಗುಣವನ್ನು ೧೯೩೯ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ ೧೯೪೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ೧೯೫೩ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಪಂಪು ಹೊತ್ತ ಆಳುಗಳು ಮನೆಮನೆಯ ಗೋಡೆಗೆ ಅದನ್ನು ಸಿಂಪಡಿಸಿ, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದುದು ವೃದ್ಧರಿಗೆ ನೆನಪಿದ್ದೀತು. ಚಳಿಜ್ವರಕ್ಕೆ ಹೆದರಿ ಜನ ಕಾಲಿಡದಿದ್ದ ಮಲೆನಾಡಿನ ಊರುಗಳು ಅದರಿಂದ ಉಸಿರಾಡಿದುವು. ಗೋಡೆಯ ಮೇಲಿದ್ದಾಗ ಅದು ಜೀವ ಉಳಿಸಿತು. ಹೊಲದಿಂದ ಹಳ್ಳಕ್ಕೆ ಹರಿದಾಗ ಬೇರೆಯಾಯಿತು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಅದನ್ನು ಬಳಸುವುದನ್ನು ೧೯೮೯ರಲ್ಲಿ ನಿಲ್ಲಿಸಿದರು.

ಪಾದರಸದ ಕಥೆ ಇದಕ್ಕಿಂತ ಘೋರವಾದುದು. ಜಪಾನಿನ ಮಿನಮಾತ ಎಂಬ ಬೆಸ್ತರ ಊರಿನಲ್ಲಿ ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತುವು. ೧೯೫೬ರಲ್ಲಿ ಮನುಷ್ಯರ ರೋಗವು ಅಧಿಕೃತವಾಗಿ ದಾಖಲಾಯಿತು: ಕೈಕಾಲು ನಡುಗುವುದು, ಮಾತು ತೊದಲುವುದು, ಕಣ್ಣು ಕಿವಿ ಮಂದವಾಗುವುದು. ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಡುತ್ತಿದ್ದ ಪಾದರಸದ ಸಂಯುಕ್ತವೇ ಮೀನಿನ ಮೂಲಕ ಊಟದ ತಟ್ಟೆಗೆ ಬಂದಿದ್ದಿತು. ಕಾರ್ಖಾನೆ ಅದನ್ನು ನಿಲ್ಲಿಸಿದ್ದು ೧೯೬೮ರಲ್ಲಿ. ಸೋದರಿಯರು ಮುಖ್ಯವಾಗಿ ತಿಳಿಯಬೇಕಾದುದೊಂದಿದೆ. ತಾಯಂದಿರಲ್ಲಿ ರೋಗದ ಚಿಹ್ನೆಗಳು ಅಲ್ಪವಾಗಿಯೋ, ಕಾಣದೆಯೋ ಇದ್ದು, ಅವರ ಗರ್ಭದಲ್ಲಿದ್ದ ಶಿಶುಗಳ ಮೆದುಳು ಕೆಟ್ಟುಹೋಗಿದ್ದಿತು. ಬೇರೆ ಕಡೆಗಳಲ್ಲಿ ಕಾರ್ಖಾನೆಯೇ ಆ ಸಂಯುಕ್ತವನ್ನು ಬಿಡಬೇಕೆಂದಿಲ್ಲ; ಕೆರೆಯ ತಳದ ಕೆಸರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳೇ ಸಾಮಾನ್ಯ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲುವು. ಅದು ಮೀನಿನ ಮಾಂಸಖಂಡವನ್ನೇ ಹಿಡಿದುಕೊಳ್ಳುವುದು. ಆದಕಾರಣ ಉಜ್ಜಿ ತೊಳೆದರೂ, ಹುಣಿಸೆಹಣ್ಣು ಹಾಕಿ ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಆ ಊರಿನ ಹೆಸರಿನಲ್ಲಿಯೇ ೨೦೧೩ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದಾಯಿತು. ೨೦೧೮ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು.

ಜಪಾನು ಅಮೆರಿಕಾಗಳು ದೂರವೆನ್ನುವವರು ಕಾಸರಗೋಡಿನ ಕಡೆಗೆ ನೋಡಬಹುದು. ಎಣ್ಮಕಜೆಯ ಪಡ್ರೆ ಮೊದಲಾದ ಕನ್ನಡದ ಹಳ್ಳಿಗಳಲ್ಲಿ ಗುಡ್ಡದ ಮೇಲೆ ಸರ್ಕಾರಿ ಗೇರುತೋಟ, ತಗ್ಗಿನಲ್ಲಿ ಜನರ ಮನೆ. ಸುಮಾರು ಇಪ್ಪತ್ತು ವರ್ಷಕಾಲ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಆ ತೋಟಗಳ ಮೇಲೆ ಸಿಂಪಡಿಸಿದರು. ಕುಡಿಯುವ ನೀರಿನ ಸುರಂಗಗಳೂ ತೋಡುಗಳೂ ಆ ಗುಡ್ಡಗಳ ಬುಡದಲ್ಲಿಯೇ ಇದ್ದುವು. ಈ ಔಷಧ ಮೀನಿಗೆ ಅತ್ಯಂತ ಮಾರಕ. ತೋಡಿನ ಮೀನು, ಕಪ್ಪೆ, ಜೇನುಹುಳುಗಳು ಕಾಣೆಯಾದುದನ್ನು ಊರವರು ಮೊದಲು ಕಂಡರು. ಅಂಗವೈಕಲ್ಯದ ಮಕ್ಕಳನ್ನು ಅನಂತರ ಕಂಡರು. ೨೦೧೧ರಲ್ಲಿ ಶ್ರೇಷ್ಠ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆದಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ೨೦೧೭ರಲ್ಲಿ ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಯಾಯಿತು.

ಹಾಗೆಂದು ಕಂಡ ಬೇನೆಯನ್ನೆಲ್ಲ ವಿಷದ ತಲೆಗೆ ಕಟ್ಟಲೂ ಬಾರದು. ೧೯೭೫ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡವರ ಕೀಲುಮೂಳೆಗಳನ್ನು ಸೆಟೆಸುವ ರೋಗವೊಂದು ಕಂಡುಬಂದಾಗ, ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದುದೇ ಕಾರಣವೆಂದು ಬಲವಾಗಿ ಶಂಕಿಸಿದರು. ಶಂಕೆ ಅಯುಕ್ತವಾಗಿರಲಿಲ್ಲ. ಆದರೆ ಮುಂದಿನ ಸಂಶೋಧನೆಯಲ್ಲಿ ಅದು ವಂಶಪಾರಂಪರ್ಯವಾಗಿ ಬರುವ ರೋಗವೆಂದು ತಿಳಿದುಬಂದಿತು.

ಇಷ್ಟನ್ನೆಲ್ಲ ಓದಿದ ಮೇಲೆ ನಮ್ಮ ವಾಚಕರಲ್ಲಿ ಅನೇಕರು, “ನಮ್ಮದು ಮೀನು ತಿನ್ನುವ ಮನೆಯಲ್ಲ, ನಮಗೇನು?” ಎನ್ನುವರೆಂಬುದನ್ನು ನಾವು ಬಲ್ಲೆವು. ಬಸವನಗುಡಿಯಲ್ಲಿ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ಅಂಥವರು ಒಮ್ಮೆ ಬೈರಮಂಗಲದ ಅಚ್ಚುಕಟ್ಟನ್ನು ನೋಡಿಕೊಂಡು ಬರಲಿ. ನಮ್ಮ ಬಚ್ಚಲ ನೀರೇ ಅಲ್ಲಿಯ ಕಾಲುವೆಯ ನೀರು. ಅದರಲ್ಲಿ ಹಿಪ್ಪುನೇರಳೆ, ಬೇಬಿಕಾರ್ನ್, ದನದ ಹುಲ್ಲು ಬೆಳೆಯುವುವು. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ದಾರಿಯಿದೆ. ಆ ಕಡೆಯ ಜಿಲ್ಲೆಗಳ ಹಾಲು ನಗರಕ್ಕೇ ಬರುವುದು. ಲೋಹಗಳು ಹಾಲಿಗೆ ಇಳಿಯುವುದು ಸ್ವಲ್ಪವೇ. ಕೊಬ್ಬಿನಲ್ಲಿ ಕರಗುವ ವಿಷಗಳಿಗಾದರೋ ಬೆಣ್ಣೆಯೂ ಒಂದೇ, ಮೀನಿನೆಣ್ಣೆಯೂ ಒಂದೇ. ಡಿ.ಡಿ.ಟಿ.ಯನ್ನೂ, ೧೯೯೭ರಲ್ಲಿ ನಿಷೇಧಿಸಿದ ಬಿ.ಎಚ್.ಸಿ.ಯನ್ನೂ ನಮ್ಮ ದೇಶದ ಪರೀಕ್ಷಕರು ಹಾಲು, ಬೆಣ್ಣೆ, ತುಪ್ಪಗಳಲ್ಲಿ ಹಲವು ಸಲ ಕಂಡಿರುವರು. ತಾಯಿಯ ಹಾಲಿನಲ್ಲಿಯೂ ಕಂಡಿರುವರು. ಈ ಮಾತನ್ನು ಓದಿ ಯಾವ ಬಾಣಂತಿಯೂ ಮಗುವಿಗೆ ಹಾಲೂಡಿಸುವುದನ್ನು ಬಿಡಬಾರದು. ಇಷ್ಟಿದ್ದರೂ ಶಿಶುವಿಗೆ ಅದಕ್ಕೆ ಸಮನಾದ ಆಹಾರ ಇನ್ನೊಂದಿಲ್ಲವೆಂಬುದೇ ವೈದ್ಯರ ಮತ.

ಇನ್ನು ಮೀನು ತಿನ್ನುವ ಮನೆಯವರಿಗೆ. ಮೀನು ಒಳ್ಳೆಯ ಆಹಾರ. ಹೆದರಿ ಅದನ್ನು ತೊರೆಯಬೇಕಾಗಿಲ್ಲ. ಬೂತಾಯಿ, ಬಂಗುಡೆಯಂಥ ಚಿಕ್ಕ ಮೀನುಗಳು ಅಲ್ಪಾಯುಗಳು, ಆಹಾರದ ಏಣಿಯ ಕೆಳಮೆಟ್ಟಿಲಿನವು; ಅವುಗಳಲ್ಲಿ ಪಾದರಸ ಕಡಮೆ. ಷಾರ್ಕಿನಂತೆ ಬೇರೆ ಮೀನುಗಳನ್ನು ತಿಂದು ಬಹುಕಾಲ ಬದುಕುವ ದೊಡ್ಡ ಮೀನುಗಳಲ್ಲಿ ಹೆಚ್ಚು. ಬಸುರಿಯರೂ ಎಳೆಯ ಮಕ್ಕಳೂ ಅವುಗಳನ್ನು ಬಿಡುವುದು ಲೇಸು. ಸಾಕಿದ ಕಾಟ್ಲಾ, ರೋಹುಗಳನ್ನು ಕೊಳ್ಳುವಾಗ ಯಾವ ಕೆರೆಯದೆಂದು ಕೇಳಿರಿ. ಮಾರುವವನು ಗೊಣಗಿದರೂ ಚಿಂತೆಯಿಲ್ಲ. ತೊಗಲು, ಹೊಟ್ಟೆಯ ಕೊಬ್ಬು, ಕರುಳು, ಪಿತ್ತಕೋಶಗಳನ್ನು ತೆಗೆದುಹಾಕಿದರೆ ಕೊಬ್ಬಿನಲ್ಲಿ ಕೂಡಿದ ವಿಷಗಳು ಒಂದಷ್ಟು ಹೋಗುವುವು. ಸೀಸವು ಪಾದರಸದಂತೆ ಮೆಟ್ಟಿಲೇರಿ ಬೆಳೆಯುವುದಿಲ್ಲವಾದರೂ ಮೂಳೆಯಲ್ಲಿಯೂ ಕಿವಿರಿನಲ್ಲಿಯೂ ನೆಲಸುವುದು. ಆದ್ದರಿಂದ ಕೊಳಚೆಯ ಕೆರೆಯ ಮೀನಿನ ತಲೆಯನ್ನು ಸಾರಿಗೆ ಹಾಕಬಾರದು. ಅಂಥ ಕೆರೆಯ ಮೀನನ್ನೇ ತರದಿರುವುದು ಉತ್ತಮ. ಆಮ್ಲಜನಕವಿಲ್ಲದ ನೀರಿನಲ್ಲಿಯೂ ಮೇಲೆ ಬಂದು ಗಾಳಿ ಕುಡಿದು ಬದುಕುವ ಆಫ್ರಿಕಾದ ಕ್ಯಾಟ್‌ಫಿಷ್ ಇಂಥ ಕಡೆ ಕೊಬ್ಬಿ ಬೆಳೆಯುವುದು. ನಮ್ಮಲ್ಲಿ ಅದರ ಸಾಕಣೆಗೆ ನಿಷೇಧವಿದೆ.

ಬಚ್ಚಲಿನ ವಿಷಯದಲ್ಲಿ ಎಲ್ಲ ಮನೆಗಳೂ ಸಮಾನ. ಜ್ವರಮಾಪಕ ಒಡೆದರೆ ಪಾದರಸದ ಮಣಿಗಳನ್ನು ನೀರು ಹಾಕಿ ಮೋರಿಗೆ ನೂಕುವವರೇ ಹೆಚ್ಚು. ಗಟ್ಟಿ ಕಾಗದದಿಂದ ಅವುಗಳನ್ನು ಒಟ್ಟುಮಾಡಿ, ಮುಚ್ಚಳದ ಸೀಸೆಗೆ ಹಾಕಿ, ಅಪಾಯದ ಕಸವೆಂದು ಬೇರೆಯಾಗಿ ಕೊಡಬೇಕು. ಉರಿದುಹೋದ ಟ್ಯೂಬ್‌ಲೈಟು, ಟಾರ್ಚಿನ ಸೆಲ್ಲು, ಉಳಿದ ಬಣ್ಣ, ಕೀಟನಾಶಕದ ತಳ ಇವಕ್ಕೂ ಇದೇ ವಿಧಿ. ಗೃಹಬಳಕೆಯ ಬಣ್ಣದಲ್ಲಿ ಸೀಸವು ೧೦ ಲಕ್ಷಕ್ಕೆ ೯೦ ಪಾಲನ್ನು ಮೀರಕೂಡದೆಂದು ೨೦೧೬ರ ನಿಯಮವಿದೆ. ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿರಿ. ಗಣೇಶನ ಹಬ್ಬದಲ್ಲಿ ಬಣ್ಣವಿಲ್ಲದ ಜೇಡಿಮಣ್ಣಿನ ವಿಗ್ರಹವನ್ನೇ ತನ್ನಿರಿ. ೧೮೮೨ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯಲ್ಲಿ ವಿಸರ್ಜನೆಗೆಂದೇ ಪ್ರತ್ಯೇಕ ಕಲ್ಯಾಣಿ ಇರುವುದು ಬಣ್ಣದ ಲೋಹಗಳು ಕೆರೆಯ ಕೆಸರಿಗೆ ಇಳಿಯದಿರಲೆಂದು. ನಮ್ಮ ಮನೆಯಲ್ಲಿ ಈಗ ಮೂರು ವರ್ಷದಿಂದ ಅರಿಸಿನವನ್ನು ಮಾತ್ರ ಬಳಿದ ಮಣ್ಣಿನ ಗಣಪತಿ. ಮೊದಲ ವರ್ಷ ಮಕ್ಕಳು ಮುಖ ಊದಿಸಿಕೊಂಡಿದ್ದರೆಂಬುದನ್ನು ಮರೆಮಾಚುವುದಿಲ್ಲ. ಕಾರ್ಖಾನೆಗಳ ಕಾಲುವೆಯನ್ನು ತಡೆಯುವುದು ಮನೆವಾಳ್ತೆಯವರ ಕೈಯಲ್ಲಿಲ್ಲ. ಅದಕ್ಕೆ ಕಾನೂನಿದೆ, ಮಾಲಿನ್ಯ ನಿಯಂತ್ರಣ ಮಂಡಳಿಯಿದೆ. ರಾತ್ರಿಯ ಹೊತ್ತು ಕಾಲುವೆಯ ನೀರಿನ ಬಣ್ಣ ಬದಲಾದುದನ್ನು ಕಂಡವರು ತಾರೀಖು, ವೇಳೆ, ಸ್ಥಳಗಳನ್ನು ಗುರುತುಹಾಕಿಕೊಂಡು ಮಂಡಳಿಗೆ ಬರೆಯಬಹುದು. ನಾಲ್ಕು ಮನೆಯವರು ಸೇರಿ ಬರೆದರೆ ಇನ್ನೂ ಒಳ್ಳೆಯದು.

ಮುಂದಿನ ವಾರ ಅದೇ ಏರಿಯ ಮೇಲೆ ಗಾಳದ ಸ್ನೇಹಿತನು ಮತ್ತೆ ಸಿಕ್ಕಿದನು. ಮೇಲೆ ಬರೆದುದನ್ನೇ ಆತನಿಗೆ ತಿಳಿಯುವ ಮಾತಿನಲ್ಲಿ ಹೇಳಿದೆವು. ಹುಂಡಿಯ ಉಪಮಾನ ಆತನಿಗೆ ಒಪ್ಪಿಗೆಯಾದಂತೆ ಕಂಡಿತು. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, ಮನೆಯಲ್ಲಿ ಸೊಸೆ ಬಸುರಿಯೆಂದೂ, ಅಂಗಡಿಯ ಮೀನಿಗೆ ಕಿಲೋಗೆ ಕೇಳುವ ಬೆಲೆ ತನ್ನ ಕೂಲಿಗೆ ಎಟುಕದೆಂದೂ ಹೇಳಿದನು. ಅನಂತರ, “ಹಂಗಾದ್ರೆ ಯಾವ ಕೆರೇಲಿ ಹಿಡೀಲಿ, ನೀವೇ ಹೇಳಿ ಸ್ವಾಮಿ” ಎಂದನು. ನಡೆದು ಹೋಗಿ ಬರುವಷ್ಟು ದೂರದ ಕೆರೆಗಳನ್ನೆಲ್ಲ ಮನಸ್ಸಿನಲ್ಲಿಯೇ ಎಣಿಸಿ ನೋಡಿದೆವು. ಆತನಿಗೆ ಹೇಳಬಹುದಾದ ಹೆಸರು ಒಂದೂ ಸಿಕ್ಕಲಿಲ್ಲ.